ನಾನು ದೂರು ಬರೆಯುತ್ತಿದ್ದೆ, ಬಾಗಿಲು ತೆರೆದೇ ಇತ್ತು

ಮಕ್ಕಳನ್ನು ಕರೆದುಕೊಂಡು ದೊಡ್ಡ ಮಳಿಗೆಗಳಿಗೆ ಹೋಗುವವರು ದಯವಿಟ್ಟು ಇದನ್ನು ಓದಿ. ಅಂಥ ಮಳಿಗೆ ನಡೆಸುವವರು ಓದಿದರೆ ಇನ್ನೂ ಒಳ್ಳೆಯದು.

ಕಳೆದ ತಿಂಗಳು ಮೂರು ಮಹಡಿಯ ಬಟ್ಟೆ ಮಳಿಗೆಯೊಂದರಲ್ಲಿ ನನ್ನ ಐದು ವರ್ಷದ ಮಗ ಹದಿನೇಳು ನಿಮಿಷ ಕಾಣೆಯಾಗಿದ್ದ. ಬಿಲ್ ಕಟ್ಟಲು ಕಾರ್ಡ್ ತೆಗೆಯಬೇಕಿತ್ತು, ಅವನ ಕೈ ಬಿಟ್ಟೆ. ರಸೀದಿ ಮಡಚಿ ತಿರುಗಿದರೆ ಅವನಿಲ್ಲ.

ಕೌಂಟರಿನ ಹುಡುಗಿಗೆ ಹೇಳಿದೆ. “ಇಲ್ಲೇ ಎಲ್ಲೋ ಇರುತ್ತಾನೆ ಮೇಡಂ” ಎಂದು ಮುಂದಿನವರ ಬಟ್ಟೆಗೆ ಕೈ ಹಾಕಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಸಿಟ್ಟಿರುವುದು ಮ್ಯಾನೇಜರ್ ಮೇಲೆ. ನನ್ನನ್ನು ಕಚೇರಿಗೆ ಕರೆದೊಯ್ದು, ಕುರ್ಚಿ ತೋರಿಸಿ, ದೂರಿನ ಪುಸ್ತಕ ಮುಂದಿಟ್ಟರು. ಮೈಕಿನಲ್ಲಿ ಹೇಳಿಸಿ ಎಂದರೆ, ಉಳಿದ ಗ್ರಾಹಕರು ಗಾಬರಿಯಾಗುತ್ತಾರಂತೆ. ಸಿಸಿಟಿವಿ ನೋಡಲು ಮೇಲಿನವರ ಅನುಮತಿ ಬೇಕಂತೆ. ಮೇಲಿನವರು ಫೋನ್ ಎತ್ತುತ್ತಿಲ್ಲವಂತೆ. ಕಚೇರಿಯ ಗಾಜಿನಾಚೆ ಮುಖ್ಯ ಬಾಗಿಲು ಕಾಣುತ್ತಿತ್ತು, ಯಾರಾದರೂ ಹತ್ತಿರ ಬಂದರೆ ತಾನಾಗಿ ಸರಿಯುವ ಬಾಗಿಲು. ನಾನು ವಿಳಾಸ ಬರೆದು ಮುಗಿಸುವಷ್ಟರಲ್ಲಿ ಅದು ನಾಲ್ಕು ಸಲ ತೆರೆಯಿತು. ಒಮ್ಮೆ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬರು ಹೊರಗೆ ಹೋದರು. ಮಗುವಿನ ಮುಖ ಕಾಣಲಿಲ್ಲ. ಕಾಲು ನೋಡಿದೆ. ನನ್ನ ಮಗನ ಶೂ ಅಲ್ಲ.

ಪುಸ್ತಕ ಬಿಟ್ಟು ಎದ್ದೆ. ನೀವು ಆ ಕುರ್ಚಿಯಲ್ಲಿ ಕೂರಲೇಬೇಡಿ. ಯಾರು ಏನೇ ಹೇಳಲಿ, ಬಾಗಿಲಲ್ಲಿ ಹೋಗಿ ನಿಲ್ಲಿ.

ಬಾಗಿಲು ಮೊದಲು ಎನ್ನುವುದು ನಾನು ಕಂಡುಹಿಡಿದ ಮಾತಲ್ಲ. 1981ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಆಡಂ ವಾಲ್ಶ್ ಎಂಬ ಆರು ವರ್ಷದ ಹುಡುಗ ಮಳಿಗೆಯೊಂದರಿಂದ ಕಾಣೆಯಾಗಿ ಕೊಲೆಯಾದ. ಅಲ್ಲಿನ ಮಳಿಗೆಗಳಲ್ಲಿ 1994ರಲ್ಲಿ ಆರಂಭವಾದ ‘ಕೋಡ್ ಆಡಂ’ ಕ್ರಮಕ್ಕೆ ಅವನದೇ ಹೆಸರು. ಮಗು ಕಾಣುತ್ತಿಲ್ಲವೆಂದು ಯಾವ ನೌಕರನಿಗೆ ಹೇಳಿದರೂ ಆತ ಗುರುತು ಕೇಳಿಕೊಂಡು ಕೂಡಲೇ ಮೈಕಿನಲ್ಲಿ ಸಾರಿಸಬೇಕು. ಹೊರಹೋಗುವ ದಾರಿಗಳಿಗೆಲ್ಲ ಕಾವಲು ನಿಲ್ಲಬೇಕು, ಉಳಿದವರು ಕೈಕೆಲಸ ಬಿಟ್ಟು ಹುಡುಕಬೇಕು. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಪೊಲೀಸರಿಗೆ ಫೋನ್. ಇದಕ್ಕೆ ಯಂತ್ರ ಬೇಡ, ಹಣ ಬೇಡ. ವರ್ಷಕ್ಕೆರಡು ಸಲ ಅರ್ಧ ಗಂಟೆ ಅಭ್ಯಾಸ ಮಾಡಿಸಿದರೆ ಸಾಕು. ಗುರುತಿನಲ್ಲಿ ಬಟ್ಟೆಯ ಜೊತೆಗೆ ಶೂಗಳನ್ನೂ ಕೇಳುತ್ತಾರೆ. ಕದ್ದೊಯ್ಯುವವರು ಮಗುವಿಗೆ ಬೇರೆ ಅಂಗಿ ತೊಡಿಸಿ ಟೋಪಿ ಹಾಕಬಹುದು, ಕಾಲಳತೆಗೆ ಸರಿಯಾದ ಶೂ ಹೊಂದಿಸುವುದು ಕಷ್ಟ.

ನನ್ನನ್ನು ಗುರುತು ಕೇಳಿದ್ದು ಆ ಮಳಿಗೆಯಲ್ಲಿ ಒಬ್ಬರೇ, ನೆಲ ಒರೆಸುತ್ತಿದ್ದ ಹೆಂಗಸು. ಅಂಗಿ ನೀಲಿ ಎಂದೆ. ಅದು ಹಸಿರು, ಬೆಳಗ್ಗೆ ನಾನೇ ತೊಡಿಸಿದ್ದು. (ಈಗ ಮನೆ ಬಿಡುವ ಮುಂಚೆ ಮೊಬೈಲಿನಲ್ಲಿ ಅವನ ಅಡಿಯಿಂದ ಮುಡಿಯವರೆಗಿನ ಫೋಟೊ ತೆಗೆದುಕೊಳ್ಳುತ್ತೇನೆ.) ಎಡಗಾಲಿನ ಶೂ ಮಾತ್ರ ಸರಿಯಾಗಿ ನೆನಪಿತ್ತು. ಪಟ್ಟಿ ಅಂಟುತ್ತಿರಲಿಲ್ಲವೆಂದು ರಬ್ಬರ್ ಬ್ಯಾಂಡ್ ಸುತ್ತಿದ್ದೆ.

ಆ ರಬ್ಬರ್ ಬ್ಯಾಂಡಿನಿಂದಲೇ ಆಕೆ ಅವನನ್ನು ಗುರುತಿಸಿದರು. ಹಿಂಭಾಗದಲ್ಲಿ ಸರಕು ಇಳಿಸುವ ಬಾಗಿಲಿದೆ. ಅದು ಮುಚ್ಚಿಕೊಳ್ಳದಂತೆ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಇಟ್ಟಿದ್ದರು. ಆ ಪೆಟ್ಟಿಗೆಯ ಮೇಲೆಯೇ ಕೂತು, ಪ್ಲಾಸ್ಟಿಕ್ ಹಾಳೆಯ ಗುಳ್ಳೆಗಳನ್ನು ಒಂದೊಂದಾಗಿ ಒಡೆಯುತ್ತಿದ್ದನಂತೆ. ಮೂರು ಹೆಜ್ಜೆ ಆಚೆ ಲಾರಿ ನಿಂತಿತ್ತು.

ನನ್ನ ಲಿಖಿತ ದೂರಿಗೆ ಉತ್ತರವಾಗಿ ರಿಯಾಯಿತಿ ಕೂಪನ್ ಬಂದಿದೆ.

ಇನ್ನೊಂದು ವಿಷಯ ಅಂದು ರಾತ್ರಿ ಹೊಳೆಯಿತು. ಆ ಹೆಂಗಸು ಮಗನನ್ನು ಕಾವಲುಗಾರನಿಗೆ ಒಪ್ಪಿಸಿ ನನ್ನನ್ನು ಕರೆಯಲು ಓಡಿದ್ದರು. ನಾನು ಬರುವಷ್ಟರಲ್ಲಿ ಮಗ ನನ್ನ ಗಂಡನ ತೋಳಲ್ಲಿದ್ದ. ನನ್ನ ಫೋನ್ ಕೇಳಿ ಅವರು ಆಗಷ್ಟೇ ಹೊರಗಿನಿಂದ ಬಂದಿದ್ದರು. ಆ ಮಳಿಗೆಯಲ್ಲಿ ಅವರ ಮುಖ ಯಾರಿಗೂ ಗೊತ್ತಿರಲಿಲ್ಲ. ಕೈಚಾಚಿದರಂತೆ, ಕಾವಲುಗಾರ ಕೊಟ್ಟನಂತೆ. ಇವರು ನಿನಗೇನಾಗಬೇಕು ಎಂದು ಮಗನನ್ನು ಕೂಡ ಕೇಳಲಿಲ್ಲವಂತೆ.