ಚುಕ್ಕೆ ಇರುವ ಹುಲಿ ಮತ್ತು ಮೂರು ವರ್ಷದ ಬಿಲ್ಲು

ಮೈಸೂರಿನಲ್ಲಿ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ ಇದು. ಕೆಳಗೆ ಒಂದೆರಡು ದೂರು ಇವೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಮಹಡಿ ಮೇಲಿದೆ, ಮೆಟ್ಟಿಲು ಕಡಿದು. ಒಳಗೆ ಕಾಲಿಟ್ಟರೆ ನುಸಿಗುಳಿಗೆ ವಾಸನೆ. ರಾಜನ ವೆಲ್ವೆಟ್ ಕೋಟು, ಓಬವ್ವನ ಒನಕೆ, ಗಾಂಧಿ ಕನ್ನಡಕ ಎಲ್ಲ ಒಂದೇ ಗೋಡೆಗೆ ನೇತು ಹಾಕಿರುತ್ತಾರೆ.

ನನ್ನ ಮಗಳ ಹೈಸ್ಕೂಲಿನಲ್ಲಿ ನಾಟಕದ ಮೇಷ್ಟ್ರಿಲ್ಲ. ಮಕ್ಕಳೇ ಆಡಿಸುತ್ತಾರೆ. ವಿಜ್ಞಾನದ ಮೇಡಂ ಅನುಮತಿ ಪತ್ರಕ್ಕೆ ಸಹಿ ಹಾಕುತ್ತಾರೆ, ಅಷ್ಟೇ. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಗುಂಪಿನಲ್ಲಿ ಏಳು ಜನ. ಪುಣ್ಯಕೋಟಿ ಕಥೆ ಆಡಿದರು. ಇಲ್ಲಿಂದ ತಂದದ್ದು ನಾಲ್ಕು ವೇಷ, ಬಿಲ್ಲು 600 ರೂಪಾಯಿ. ಹುಲಿ ವೇಷದ ಚೀಲ ಬಿಚ್ಚಿದ್ದು ನಾಟಕದ ದಿನ ಬೆಳಿಗ್ಗೆ. ಒಳಗೆ ಚಿರತೆ! ಮೈ ತುಂಬಾ ಚುಕ್ಕೆ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆ ಪುಟ್ಟ ಹುಡುಗ ರಂಗದ ಮೇಲೆ ಬಂದು, "ಹಸಿದು ಹಸಿದು ನನ್ನ ಪಟ್ಟೆಯೆಲ್ಲ ಉದುರಿ ಚುಕ್ಕೆ ಆಗಿದೆ" ಅಂದ. ಅಳಬೇಕಾದ ಕಥೆಯಲ್ಲಿ ಇಡೀ ಶಾಲೆ ನಕ್ಕಿತು.

ಮಾಲೀಕರು ಚಿರತೆಯ ಬಾಡಿಗೆ ಬಿಟ್ಟುಕೊಟ್ಟರು. ಆದರೆ ಬಾಲದ ಹೊಲಿಗೆ ಬಿಚ್ಚಿದೆ ಅಂತ ಡಿಪಾಸಿಟ್‌ನಲ್ಲಿ 150 ಮುರಿದರು. ಅದು ಮೊದಲೇ ಬಿಚ್ಚಿತ್ತು. ಈಗಲೂ ನನಗೆ ಹೊಟ್ಟೆ ಉರಿ.

ಮರುವರ್ಷ ಗುಂಪು ಹತ್ತೊಂಬತ್ತಕ್ಕೆ ಏರಿತು. ಬಿಲ್ಲು 3,400. ಹಣ ಮಕ್ಕಳೇ ಮನೆಮನೆಗೆ ಹೋಗಿ ಎತ್ತಿದ್ದು. ಇಲ್ಲೇ ಈ ಅಂಗಡಿ ನನಗೆ ಇಷ್ಟವಾಗಿದ್ದು. ಮಾಲೀಕರು ನನ್ನ ಮುಖ ನೋಡಲೇ ಇಲ್ಲ. ನೋಟ್‌ಬುಕ್ ಹಿಡಿದಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕೇಳಿದರು: "ಎಷ್ಟು ಪಾತ್ರ? ಯಾರು ಓಡ್ತಾರೆ, ಯಾರು ಕೂತಿರ್ತಾರೆ?" ಓಡುವ ಪಾತ್ರಕ್ಕೆ ಉದ್ದ ಅಂಚಿನ ಪಂಚೆ ಕೊಡಲಿಲ್ಲ. ಮೀಸೆ ಅಂಟಿಸುವ ಮುಂಚೆ ಸ್ಪಿರಿಟ್ ಗಮ್ ಅನ್ನುವ ಅಂಟನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ, ತುರಿಕೆ ಬರುತ್ತಾ ನೋಡಿ ಅಂದರು. ಬಣ್ಣ ತೆಗೆಯಲು ಸೋಪು ಬೇಡ, ಮೊದಲು ಕೊಬ್ಬರಿ ಎಣ್ಣೆ ಅಂದರು. ಎಲ್ಲ ಅದೇ ನೋಟ್‌ಬುಕ್ಕಿಗೆ ಹೋಯಿತು.

ಆ ನೋಟ್‌ಬುಕ್ಕಿನದೇ ಒಂದು ಕಥೆ. ಹತ್ತನೆಯವರಿಗೆ ಎಸ್ಎಸ್ಎಲ್‌ಸಿ ಗಡಿಬಿಡಿ. ಡಿಸೆಂಬರ್ ಆದಮೇಲೆ ಅವರನ್ನು ರಿಹರ್ಸಲ್‌ಗೆ ಕರೆದರೆ ಮನೆಯವರು ಸುಮ್ನೆ ಬಿಡ್ತಾರಾ? ಹಾಗಾಗಿ ನಾಟಕ ಮುಗಿದ ಮಾರನೇ ದಿನವೇ ಪುಸ್ತಕ ಒಂಬತ್ತನೆಯವರ ಕೈಗೆ ಹೋಗುತ್ತದೆ. ಯಾವ ಬೆಂಚು ಜೋಡಿಸಿದರೆ ರಂಗ ಅಲ್ಲಾಡುತ್ತದೆ ಅನ್ನುವುದೂ ಅದರಲ್ಲಿದೆ.

ಬೇಸಿಗೆಯಲ್ಲಿ ಗುಂಪಿನ ಇಬ್ಬರು ನಾಟಕ ಸಂಸ್ಥೆ ರಂಗಾಯಣದ ಚಿನ್ನರ ಮೇಳಕ್ಕೆ, ಅಂದರೆ ಮಕ್ಕಳ ರಂಗ ಶಿಬಿರಕ್ಕೆ, ಹೋಗಿ ಬಂದರು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ನಮ್ಮ ಊರಲ್ಲೇ ಇರುವುದು ಇಂಥ ಮಕ್ಕಳಿಗೆ ದೊಡ್ಡ ಲಾಭ. ಬಂದವರೇ ಹಳೇ ಪೇಪರ್ ನೆನೆಸಿ, ಅಂಟು ಬೆರೆಸಿ ಮುಖವಾಡ ಮಾಡಲು ಕೂತರು. ಗೋಣಿಚೀಲ ಕತ್ತರಿಸಿ ಸೈನಿಕರ ಅಂಗಿ ಹೊಲಿದರು. ನಮ್ಮನೆ ಹಜಾರದಲ್ಲಿ ಒಂದು ವಾರ ಕಾಲಿಡಲು ಜಾಗ ಇರಲಿಲ್ಲ.

ಈ ವರ್ಷ ಗುಂಪಿನಲ್ಲಿ ಮೂವತ್ತೊಂದು ಮಕ್ಕಳು. ಬಿಲ್ಲು ಎಷ್ಟು ಗೊತ್ತಾ? 280. ಎರಡು ಕಿರೀಟ, ಆರು ಮೀಸೆ, ಒಂದು ಜೊತೆ ಗೆಜ್ಜೆ. ಮಾಲೀಕರಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರು ಮಕ್ಕಳು ಮಾಡಿದ ಒಂದು ಮುಖವಾಡ ಕೈಗೆತ್ತಿಕೊಂಡು, ಒಳಗಡೆ ಬೆರಳಾಡಿಸಿ, "ಮೂಗಿನ ಹತ್ರ ತೂತು ದೊಡ್ಡದು ಮಾಡಿ, ಮಾತು ಕೇಳಲ್ಲ" ಅಂದರು.

ನವೆಂಬರಿನಿಂದ ಜನವರಿವರೆಗೆ ರಶ್ಶು ಜಾಸ್ತಿ, ತಿಂಗಳು ಮುಂಚೆ ಹೋಗಿ. ಚೀಲ ಅಲ್ಲೇ ಬಿಚ್ಚಿ ನೋಡಿ. ಬಾಲವಿದ್ದರೆ ಫೋಟೋ ತೆಗೆದುಕೊಳ್ಳಿ. ಐದರಲ್ಲಿ ನಾಲ್ಕು ನಕ್ಷತ್ರ. ಐದನೆಯದು ಆ 150 ರೂಪಾಯಿ ವಾಪಸ್ ಬಂದಮೇಲೆ.