ಹಳೇ ಟೆಲಿಸ್ಕೋಪಿನ ಕೊಳವೆಗೆ ದಯವಿಟ್ಟು ಗರಗಸ ಹಾಕಬೇಡಿ

ಹಿತ್ತಾಳೆಯ ಹಳೇ ಟೆಲಿಸ್ಕೋಪ್ ಕೈಗೆ ಸಿಕ್ಕಿದೆ, ಅದಕ್ಕೆ ಈಗಿನ ಕ್ಯಾಮೆರಾ ಜೋಡಿಸಿ ಚಂದ್ರನ ಫೋಟೊ ತೆಗೆಯಬೇಕು ಅಂತಿದ್ದೀರಾ? ಹಾಗಿದ್ದರೆ ಮೊದಲು ಇದನ್ನು ಓದಿ. ಅದೇ ಆಸೆಗೆ ಬಿದ್ದು, ನೂರು ವರ್ಷಕ್ಕೂ ಹಳೆಯದಾದ ಟೆಲಿಸ್ಕೋಪನ್ನು ನಾನು ಕೆಡಿಸಿದೆ.

ಅದರ ಮುಂದಿನ ಲೆನ್ಸ್ 75 ಮಿ.ಮೀ. ಅಗಲ, ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 1,100 ಮಿ.ಮೀ. ಕಣ್ಣಿಟ್ಟು ನೋಡಿದರೆ ಚಂದ್ರನ ಕುಳಿಗಳ ಅಂಚು ಕೊರೆದಿಟ್ಟ ಹಾಗೆ ಕಾಣುತ್ತಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಮೊದಲು ಎಡವಿದ್ದು ಥ್ರೆಡ್‌ನಲ್ಲಿ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಜಾಗದಲ್ಲಿ ಕ್ಯಾಮೆರಾ ಕೂರಿಸಲು ಲೇತ್‌ನಲ್ಲಿ ಒಂದು ರಿಂಗ್ ಮಾಡಿಸಿದೆ. ಕ್ಯಾಮೆರಾದ ಟಿ-ರಿಂಗ್ (ಲೆನ್ಸ್ ಬದಲು ಕ್ಯಾಮೆರಾಗೆ ಹಾಕಿ ಟೆಲಿಸ್ಕೋಪಿಗೆ ಜೋಡಿಸುವ ಬಳೆ) 42 ಮಿ.ಮೀ., ಅದರ ಥ್ರೆಡ್ಡಿನ ಸುತ್ತುಗಳ ನಡುವೆ 0.75 ಮಿ.ಮೀ. ಅಂತರ. ಕೆಲವು ಹಳೇ ಫಿಲ್ಮ್ ಕ್ಯಾಮೆರಾಗಳ ಲೆನ್ಸ್‌ಗೂ 42 ಮಿ.ಮೀ. ಥ್ರೆಡ್ ಇದೆ, ಆದರೆ ಅಂತರ 1 ಮಿ.ಮೀ. ನಾನು ಕೊಟ್ಟಿದ್ದು ಎರಡನೆಯ ಅಳತೆ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. ಬಲ ಹಾಕಿ ತಿರುಗಿಸಿದೆ, ಥ್ರೆಡ್ ಕಿತ್ತುಬಂತು. ಪುಣ್ಯಕ್ಕೆ ಹಾಳಾಗಿದ್ದು ಹೊಸ ರಿಂಗ್ ಮಾತ್ರ. ಇನ್ನೊಂದು ಮಾಡಿಸಿದೆ.

ಆಮೇಲೆ ಫೋಕಸ್ಸೇ ಸಿಗಲಿಲ್ಲ. ಹಿಂದಿನ ಸಣ್ಣ ಕೊಳವೆಯನ್ನು ಪೂರ್ತಿ ಒಳಗೆ ತಳ್ಳಿದರೂ ಚಂದ್ರ ಬರೀ ಮಸುಕು ಉಂಡೆ. ಕಾರಣ ಸರಳ. ಇಂಥ ಟೆಲಿಸ್ಕೋಪ್ ಮಾಡಿದ್ದು ಕಣ್ಣಿಗಾಗಿ, ಬಿಂಬ ಐಪೀಸಿನ ಹತ್ತಿರವೇ ಮೂಡುತ್ತದೆ. ಕ್ಯಾಮೆರಾದ ಸೆನ್ಸರ್ ಮಾತ್ರ ಟಿ-ರಿಂಗ್ ಮುಖದಿಂದ 55 ಮಿ.ಮೀ. ಹಿಂದೆ ಇರುತ್ತದೆ. ಕೊಳವೆ ಅಷ್ಟು ಒಳಗೆ ಹೋಗಬೇಕು. ನನ್ನದರಲ್ಲಿ ಅಷ್ಟು ಜಾಗ ಇರಲಿಲ್ಲ.

ರಿಪೇರಿಯವರೊಬ್ಬರು "ದೊಡ್ಡ ಕೊಳವೆಯನ್ನೇ ಸ್ವಲ್ಪ ಕತ್ತರಿಸಿದ್ರೆ ಆಯ್ತು" ಅಂದರು. ನಾನು ಒಂದು ದಿನವೂ ಯೋಚಿಸದೆ ಒಪ್ಪಿದೆ. 6 ಸೆಂ.ಮೀ. ಹೋಯಿತು.

ಫೋಕಸ್ ಸಿಕ್ಕಿತು, ನಿಜ. ಆದರೆ ಈಗ ಐಪೀಸ್ ಹಾಕಿದರೆ ಸಣ್ಣ ಕೊಳವೆಯನ್ನು ಕೊನೆಯವರೆಗೂ ಎಳೆಯಬೇಕು. ಒಳಗೆ ಹಿಡಿತ ಉಳಿಯದೆ ಅದು ಅಲ್ಲಾಡುತ್ತದೆ. ಮುಟ್ಟಿದರೆ ಸಾಕು, ಚಂದ್ರ ಕುಣಿಯುತ್ತಾನೆ. ಕ್ಯಾಮೆರಾದ ಕಷ್ಟವೇ ಬೇರೆ. ಸಣ್ಣ ಕೊಳವೆಯನ್ನು ಹಿಂದೆ ಮುಂದೆ ಸರಿಸಲು, ಹಗುರ ಐಪೀಸಿಗೆಂದು ಮಾಡಿದ ಹಲ್ಲುಪಟ್ಟಿ ಅದರ ಭಾರ ತಡೆಯಲಿಲ್ಲ. ಟೆಲಿಸ್ಕೋಪನ್ನು ನೆತ್ತಿಯ ಕಡೆ ಎತ್ತಿದ ರಾತ್ರಿ ಕೊಳವೆ ತಾನಾಗೇ ಜಾರಿತು, ಎರಡು ಹಲ್ಲು ಸವೆದವು.

ಇಷ್ಟೆಲ್ಲ ಆಗಿ ಬಂದ ಫೋಟೊದಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ. ಎರಡು ಗಾಜಿನ ಹಳೇ ಲೆನ್ಸ್ ನೇರಳೆ ಬೆಳಕನ್ನು ಬೇರೆ ಬಣ್ಣಗಳ ಜೊತೆ ಒಂದೇ ಕಡೆ ಕೂಡಿಸುವುದಿಲ್ಲ. ನಮ್ಮ ಕಣ್ಣು ಅದನ್ನು ಅಷ್ಟಾಗಿ ಗಮನಿಸದು, ಸೆನ್ಸರ್ ಚೆನ್ನಾಗಿ ಹಿಡಿಯುತ್ತದೆ. ತಿಳಿ ಹಳದಿ ಫಿಲ್ಟರ್ ಹಾಕಿದರೆ ಕಡಿಮೆಯಾಗುತ್ತದೆ. ನೆಬ್ಯುಲಾ (ಆಕಾಶದ ಮಂದ ಅನಿಲ ಮೋಡ) ಆಸೆಯಂತೂ ಬೇಡ. ಇದು ಸುಮಾರು ಎಫ್/15, ಅಂದರೆ ಫೋಕಲ್ ಲೆಂತ್ ಲೆನ್ಸಿನ ಅಗಲದ 15 ಪಟ್ಟು. ಎಫ್/5 ಟೆಲಿಸ್ಕೋಪಿಗಿಂತ ಒಂಬತ್ತು ಪಟ್ಟು ಜಾಸ್ತಿ ಹೊತ್ತು ಬೆಳಕು ಹಿಡಿಯಬೇಕು.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಕ್ಯಾಮೆರಾದ ಮುಂದೆ ಹಾಕುವ, ಬಿಂಬ ದೊಡ್ಡದು ಮಾಡುವ ಒಂದು ಬಾರ್ಲೊ ಲೆನ್ಸ್ ಸಾಕಿತ್ತು. ಅದು ಬಿಂಬವನ್ನು ತಾನೇ ಹಿಂದಕ್ಕೆ ತಳ್ಳುತ್ತದೆ. ಇದರಲ್ಲಿ ಚಂದ್ರನ ಬಿಂಬ ಸುಮಾರು 10 ಮಿ.ಮೀ., 2 ಪಟ್ಟಿನ ಬಾರ್ಲೊ ಹಾಕಿದ್ದರೆ 20 ಮಿ.ಮೀ. ಆಗುತ್ತಿತ್ತು. ಫುಲ್ ಫ್ರೇಮ್ ಸೆನ್ಸರಿನ 24 ಮಿ.ಮೀ. ಎತ್ತರದೊಳಗೆ ಆರಾಮಾಗಿ ಕೂರುತ್ತಿತ್ತು. ಕೊಳವೆ ಮುಟ್ಟುವ ಅಗತ್ಯವೇ ಇರಲಿಲ್ಲ.

ನೀವು ಏನೂ ಖರೀದಿಸುವ ಮುಂಚೆ ಹೀಗೆ ಮಾಡಿ. ಐಪೀಸ್ ತೆಗೆದು, ಕೊಳವೆಯನ್ನು ಪೂರ್ತಿ ಒಳಗೆ ತಳ್ಳಿ, ಚಂದ್ರನ ಕಡೆ ತಿರುಗಿಸಿ. ಹಿಂದೆ ಟ್ರೇಸಿಂಗ್ ಪೇಪರ್ ಹಿಡಿದು, ಚಿತ್ರ ಚೂಪಾಗುವ ಜಾಗದಿಂದ ಕೊಳವೆಯ ತುದಿಗೆ ಎಷ್ಟು ದೂರ ಅಂತ ಅಳೆಯಿರಿ. 55 ಮಿ.ಮೀ.ಗೆ ನಿಮ್ಮ ರಿಂಗಿನ ದಪ್ಪ ಸೇರಿಸಿ. ಅಳತೆ ಅದಕ್ಕಿಂತ ಕಡಿಮೆ ಬಂದರೆ ನೇರವಾಗಿ ಕ್ಯಾಮೆರಾ ಹಾಕಲು ಹೋಗಬೇಡಿ. ಐಪೀಸಿಗೆ ಮೊಬೈಲ್ ಹಿಡಿದರೂ ಒಳ್ಳೆಯ ಫೋಟೊ ಬರುತ್ತದೆ. ಸೂರ್ಯನ ಕಡೆ ಮಾತ್ರ ತಿರುಗಿಸಲೇಬೇಡಿ.

ಕತ್ತರಿಸಿದ ತುಂಡನ್ನು ಎಸೆದಿಲ್ಲ. ಒಳಗೊಂದು ತೆಳು ಕೊಳವೆ ಕೊಟ್ಟು, ಕಾಯಿಸದೆ ಮತ್ತೆ ಜೋಡಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.