ಆರ್‌ವಿ ಚಾವಣಿ ಹತ್ತಲು ಟೆಲಿಸ್ಕೋಪಿಕ್ ಏಣಿ: ಆರು ವರ್ಷ ಬಳಸಿದ ಮೇಲಿನ ವಿಮರ್ಶೆ

ವಸ್ತು: 15.5 ಅಡಿಯ ಅಲ್ಯೂಮಿನಿಯಂ ಟೆಲಿಸ್ಕೋಪಿಕ್ ಏಣಿ (ಕೊಳವೆಯೊಳಗಿಂದ ಕೊಳವೆ ಎಳೆದು ಉದ್ದ ಮಾಡುವುದು), ಭಾರದ ದರ್ಜೆ ಟೈಪ್ 1ಎ, 300 ಪೌಂಡ್ ಮಿತಿ. ತೂಕ ಸುಮಾರು 35 ಪೌಂಡ್, ಮಡಿಸಿದರೆ ಮೂರಡಿ ಚಿಲ್ಲರೆ ಎತ್ತರ.
ಗಾಡಿ: ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಒಳಗೇ ವಾಸ ಮಾಡುವ ಮಧ್ಯಮ ಗಾತ್ರದ ಆರ್‌ವಿ. ನೆಲದಿಂದ ಚಾವಣಿಯ ಅಂಚಿಗೆ 11 ಅಡಿ.
ಬಳಕೆ: ಆರು ವರ್ಷ, ವರ್ಷಕ್ಕೆ ಹದಿನೈದಿಪ್ಪತ್ತು ಸಲ. ಸೀಲಂಟ್ (ಸಂದು ಮುಚ್ಚುವ ಅಂಟು) ತಪಾಸಣೆ, ಸೋಲಾರ್ ಪ್ಯಾನೆಲ್ ತೊಳೆಯುವುದು, ಏಸಿ ಮುಚ್ಚಳ, ವೆಂಟ್ ರಿಪೇರಿ.

ಈ ಏಣಿಯ ಬಗ್ಗೆ ತಕರಾರು ಕಡಿಮೆ. ಇದನ್ನು ಆರಿಸುವ ರೀತಿಯ ಬಗ್ಗೆಯೇ ಹೆಚ್ಚು ಹೇಳಬೇಕು, ಯಾಕೆಂದರೆ ಹನ್ನೊಂದು ಅಡಿಯ ಗಾಡಿ ಇದ್ದವರು ಬಹಳ ಮಂದಿ 12.5 ಅಡಿಯದ್ದನ್ನು ಕೊಳ್ಳುತ್ತಾರೆ. ಹನ್ನೊಂದಕ್ಕೆ ಹನ್ನೆರಡೂವರೆ ಧಾರಾಳವಾಯಿತು ಎಂಬ ಲೆಕ್ಕ. ಏಣಿ ನೆಟ್ಟಗೆ ನಿಲ್ಲುವುದಿಲ್ಲ, ಓರೆಯಾಗಿ ಒರಗುತ್ತದೆ ಎಂಬುದು ಈ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಸರಿಯಾದ ಓರೆ ಸುಮಾರು 75 ಡಿಗ್ರಿ: ಏಣಿ ಒರಗುವ ಜಾಗ ನಾಲ್ಕು ಅಡಿ ಮೇಲಿದ್ದರೆ ಬುಡ ಒಂದು ಅಡಿ ದೂರ. ಹನ್ನೊಂದು ಅಡಿಗೆ ಬುಡ ಗೋಡೆಯಿಂದ ಎರಡೂ ಮುಕ್ಕಾಲು ಅಡಿ ಈಚೆ ಬರಬೇಕು. ಹಾಗೆ ಇಟ್ಟಾಗ 12.5 ಅಡಿಯ ಏಣಿಯ ತುದಿ ನೆಲದಿಂದ ಹನ್ನೆರಡು ಅಡಿ ಒಂದಿಂಚಿನಲ್ಲಿರುತ್ತದೆ. ಅಂದರೆ ಚಾವಣಿಯ ಮೇಲೆ ಕೈ ಹಿಡಿಯಲು ಸಿಗುವುದು ಒಂದೇ ಅಡಿ. ಮೊಣಕಾಲಿಗೂ ಬಾರದ ಆ ತುಂಡನ್ನು ಹಿಡಿದು ಬಗ್ಗಿಕೊಂಡು ಅಂಚು ದಾಟಬೇಕು. ಜನ ಬೀಳುವುದು ಅಲ್ಲೇ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮ ಕೆಲಸದ ಜಾಗಗಳಿಗೆ ಹೇಳುವುದೇನೆಂದರೆ, ಮೇಲೆ ಇಳಿದುಕೊಳ್ಳುವ ಅಂಚನ್ನು ದಾಟಿ ಏಣಿ ಮೂರು ಅಡಿ ಮೇಲೆ ಚಾಚಿರಬೇಕು. ನಿಮ್ಮ ಮೋಟರ್‌ಹೋಮ್ ಕೆಲಸದ ಜಾಗವಲ್ಲ, ಯಾರೂ ಬಂದು ದಂಡ ಹಾಕುವುದಿಲ್ಲ. ಆದರೆ ಆ ಮೂರಡಿ ಸೊಂಟದ ಎತ್ತರಕ್ಕೆ ಬರುವ ಹಿಡಿಕೆ, ಅದಕ್ಕೇ ಆ ನಿಯಮ. 15.5 ಅಡಿಯದ್ದು ಇದೇ ಓರೆಯಲ್ಲಿ ಹದಿನೈದು ಅಡಿ ಮುಟ್ಟುತ್ತದೆ, ಅಂಚಿನ ಮೇಲೆ ನಾಲ್ಕು ಅಡಿ ಉಳಿಯುತ್ತದೆ. ಒಂಬತ್ತು ಅಡಿಯ ಕ್ಲಾಸ್ ಬಿ ವ್ಯಾನ್ ಇರುವವರಿಗೆ 12.5 ಅಡಿಯದ್ದೇ ಸಾಕು. ಹನ್ನೆರಡು ಅಡಿ ದಾಟಿದ, ಬಸ್ಸಿನಂಥ ಕ್ಲಾಸ್ ಎ ಗಾಡಿಗೆ ಈ 15.5 ಕೂಡ ಅಂಚಿನಲ್ಲೇ ಇದೆ. ಅಳೆಯುವಾಗ ಕಂಪನಿಯವರ ಕೈಪಿಡಿಯಲ್ಲಿನ ಎತ್ತರವನ್ನು ನಂಬಬೇಡಿ. ಅದು ಸಾಮಾನ್ಯವಾಗಿ ಏಸಿಯ ನೆತ್ತಿವರೆಗಿನ ಲೆಕ್ಕ, ಸೇತುವೆ ಕೆಳಗೆ ಹೋಗುವವರಿಗೆ ಬೇಕಾದದ್ದು. ನಿಮಗೆ ಬೇಕಾದದ್ದು ಚಾವಣಿಯ ಅಂಚು, ಟೇಪು ಹಿಡಿದು ಅಳೆಯಿರಿ.

ಭಾರ ಮಿತಿಯ ವಿಷಯ ಬೇಗ ಮುಗಿಯುತ್ತದೆ. ಅಮೆರಿಕದ ಮಾನದಂಡದಲ್ಲಿ ಟೈಪ್ 3 ಅಂದರೆ 200 ಪೌಂಡ್, ಟೈಪ್ 2 ಅಂದರೆ 225, ಟೈಪ್ 1 ಅಂದರೆ 250, ಟೈಪ್ 1ಎ ಅಂದರೆ 300. ಇದು ನಿಮ್ಮ ದೇಹದ ತೂಕವಷ್ಟೇ ಅಲ್ಲ. ಬಟ್ಟೆ, ಬೂಟು, ಕೈಯಲ್ಲಿರುವ ಸಾಮಾನು ಎಲ್ಲ ಸೇರಿ. ಎರಡೂವರೆ ಗ್ಯಾಲನ್ ನೀರೇ ಇಪ್ಪತ್ತೊಂದು ಪೌಂಡ್ ಆಗುತ್ತದೆ. 190 ಪೌಂಡ್ ತೂಗುವವರು ಟೈಪ್ 2 ಕೊಂಡರೆ ಬಕೆಟ್ ಹಿಡಿದ ಕೂಡಲೇ ಅಂಚಿಗೆ ಬಂದಿರುತ್ತಾರೆ. ಯುರೋಪಿನಲ್ಲಿರುವವರು ಅಲ್ಲಿನ ಏಣಿ ಮಾನದಂಡವಾದ ಇಎನ್ 131ರ ಗುರುತು ನೋಡಿ, ಟೆಲಿಸ್ಕೋಪಿಕ್ ಏಣಿಗೆ ಅದರ ಆರನೆಯ ಭಾಗ ಅನ್ವಯ. ಅಲ್ಲಿ ಮಿತಿ 150 ಕಿಲೋ. 2018ರಿಂದ ಮೂರು ಮೀಟರಿಗಿಂತ ಉದ್ದದ ಒರಗು ಏಣಿಗೆ ಬುಡ ಅಗಲ ಇರಬೇಕಾದ್ದರಿಂದ ಅಡ್ಡಪಟ್ಟಿ ಜೊತೆಗೇ ಬರುತ್ತದೆ. ಆ ಪಟ್ಟಿಯನ್ನು ಜೋಡಿಸದೆ ಪೆಟ್ಟಿಗೆಯಲ್ಲೇ ಬಿಡುವವರಿದ್ದಾರೆ, ಬಿಡಬೇಡಿ.

ಗಾಡಿಯ ಹಿಂದೆ ಕಂಪನಿಯವರೇ ಹಾಕಿದ ಏಣಿ ಇರುವಾಗ ಇದೇಕೆ ಎಂದು ಕೇಳಬಹುದು. ಆ ಏಣಿ ಟೊಳ್ಳು ಕೊಳವೆಯದ್ದು. ತೆಳು ಫೈಬರ್‌ಗ್ಲಾಸ್ ಹಾಳೆ, ಅದರ ಹಿಂದಿನ ಮರದ ಪಟ್ಟಿ, ಅದಕ್ಕೆ ಕಚ್ಚಿದ ಕೆಲವು ಸ್ಕ್ರೂ, ಇಷ್ಟರ ಮೇಲೆ ಅದು ನಿಂತಿರುತ್ತದೆ. ಪ್ರತಿ ಸಲ ಹತ್ತುವಾಗ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆದಂತೆ ಆಗುತ್ತದೆ. ಸ್ಕ್ರೂ ಸುತ್ತಲಿನ ಸೀಲಂಟ್ ಬಿರಿದರೆ ನೀರು ಒಳಗೆ ಇಳಿಯುತ್ತದೆ, ಮರ ಮೆತ್ತಗಾಗುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಸೋರಿಕೆ ತಡೆಯಲೆಂದು ಮೇಲೆ ಹತ್ತಿ, ಹತ್ತಿದ್ದರಿಂದಲೇ ಸೋರಿಕೆ ತಂದುಕೊಂಡಂತೆ. ಹಿಂದಿನ ಏಣಿಯೇ ಇಲ್ಲದ ಗಾಡಿಯಾದರೆ ಇನ್ನೂ ಒಂದು ಪ್ರಶ್ನೆ: ಆ ಚಾವಣಿ ನಡೆದಾಡಲು ಕಟ್ಟಿದ್ದೇ? ಹಲವು ಹಗುರ ಗಾಡಿಗಳದ್ದು ಅಲ್ಲ. ಕೈಪಿಡಿ ನೋಡದೆ ಕಾಲಿಡಬೇಡಿ.

ಇನ್ನು ಇಡುವ ಕ್ರಮ. ಗಾಡಿ ಸ್ಪ್ರಿಂಗಿನ ಮೇಲೆ ನಿಂತಿದೆ, ಏಣಿ ನೆಲದ ಮೇಲೆ ನಿಂತಿದೆ. ಎತ್ತು ಏರಿಗೆ, ಕೋಣ ನೀರಿಗೆ. ನೀವು ಏಣಿಯಿಂದ ಚಾವಣಿಗೆ ಭಾರ ಬದಲಿಸಿದ ಗಳಿಗೆಯಲ್ಲಿ ಗಾಡಿ ಆ ಬದಿಗೆ ವಾಲುತ್ತದೆ, ಏಣಿಯ ತುದಿ ಅಂಚಿನ ಮೇಲೆ ಜಾರುತ್ತದೆ. ಆದ್ದರಿಂದ ಮೊದಲು ಪಾರ್ಕಿಂಗ್ ಬ್ರೇಕ್, ಚಕ್ರಕ್ಕೆ ಅಡ್ಡಕಟ್ಟೆ, ಆಮೇಲೆ ಲೆವೆಲಿಂಗ್ ಜಾಕ್ ಇಳಿಸಿ ಗಾಡಿ ಅಲುಗದಂತೆ ಮಾಡಿ. ಏರ್ ಸಸ್ಪೆನ್ಷನ್ ಇದ್ದರೆ ಇದು ಇನ್ನೂ ಮುಖ್ಯ. ಗಾಳಿ ಇಳಿದಂತೆ ಗಾಡಿ ಕುಸಿಯುತ್ತದೆ, ಬೆಳಗ್ಗೆ ಒರಗಿಸಿಟ್ಟ ಏಣಿಯ ಕೋನ ಮಧ್ಯಾಹ್ನಕ್ಕೆ ಬೇರೆಯಾಗಿರುತ್ತದೆ. ಬೇರೆ ಯಾರೂ ಗಾಡಿ ಸರಿಸದಂತೆ ಕೀಲಿಕೈ ನಿಮ್ಮ ಜೇಬಿನಲ್ಲೇ ಇರಲಿ.

ಒರಗಿಸುವ ಜಾಗ ಆರಿಸುವಾಗ ಆವ್ನಿಂಗ್ (ಬಿಚ್ಚುವ ನೆರಳು ಪರದೆ), ಸ್ಲೈಡ್‌ಔಟ್ (ಗೋಡೆಯಿಂದ ಹೊರಕ್ಕೆ ಚಾಚುವ ಭಾಗ), ಕಿಟಕಿ ಮೂರನ್ನೂ ಬಿಡಿ. ಅಂಚಿನ ಮಳೆನೀರು ದೋಣಿ ಕೂಡ ಭಾರ ಹೊರುವ ವಸ್ತುವಲ್ಲ. ಬರಿಯ ಏಣಿ ಒತ್ತಿದರೆ ಅದು ಬಾಗುತ್ತದೆ, ಮೂಲೆಯಲ್ಲಿ ನೀರು ಸುರಿಯುವ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಈಜುಕೊಳದ ಫೋಮ್ ಕೊಳವೆಯನ್ನು ಸೀಳಿ ಸಿಕ್ಕಿಸುವುದು ಎಲ್ಲರೂ ಹೇಳುವ ಉಪಾಯ. ಬಣ್ಣ ಉಳಿಯುತ್ತದೆ, ನಿಜ. ಆದರೆ ಕಟ್ಟದೆ ಬಿಟ್ಟರೆ ಫೋಮ್ ಕಂಬದ ಸುತ್ತ ತಿರುಗಿ ಏಣಿಯನ್ನೇ ಪಕ್ಕಕ್ಕೆ ಉರುಳಿಸುತ್ತದೆ. ಮೇಲೆ ಒಂದು, ಕೆಳಗೆ ಒಂದು ಬಿಗಿ ಕಟ್ಟು ಹಾಕಿ, ಇಲ್ಲವೇ ಒರಟು ರಬ್ಬರ್ ಹಾಳೆ ಸುತ್ತಿ. ಈ ಏಣಿಗೆ ರಬ್ಬರ್ ಹಾಳೆಯೇ ಚೆನ್ನಾಗಿ ಹೊಂದಿದೆ.

ಅತ್ಯುತ್ತಮ ಜಾಗ ಹಿಂದಿನ ಮೂಲೆ, ಕಂಪನಿ ಏಣಿಯ ಪಕ್ಕ. ಅದರ ಮೇಲೆ ಭಾರ ಬೇಡ ಅಂದೆವಲ್ಲ, ಆದರೆ ಪಕ್ಕಕ್ಕೆ ಜಾರದಂತೆ ಹಿಡಿಯಲು ಅದು ಗಟ್ಟಿಯೇ. ಒಂದು ಇಂಚಿನ ರ‍್ಯಾಚೆಟ್ ಪಟ್ಟಿಯಿಂದ ಎರಡನ್ನೂ ಬಿಗಿಯಿರಿ. ತೀರ ಎಳೆದರೆ ಟೊಳ್ಳು ಕೊಳವೆ ನೆಗ್ಗುತ್ತದೆ, ಅಲುಗಾಟ ನಿಂತರೆ ಸಾಕು. ಮೊದಲ ಸಲ ಹತ್ತಿ ಕಟ್ಟುವವರೆಗೆ ಕೆಳಗೆ ಒಬ್ಬರು ಬುಡ ಹಿಡಿದಿರಲಿ.

ಬುಡದ ಕೆಳಗೆ ನೆಲ ಏನಿದೆ ಎಂಬುದಕ್ಕೆ ಆರು ವರ್ಷದಲ್ಲಿ ಸಿಕ್ಕ ಉತ್ತರ ಒಂದು ಹಲಗೆ: ಮುಕ್ಕಾಲು ಇಂಚಿನ ಪ್ಲೈವುಡ್, ಎರಡಡಿ ಚೌಕ, ಹಿಂಬದಿಗೆ ಅಡ್ಡಲಾಗಿ ಸ್ಕ್ರೂ ಹಾಕಿದ ಒಂದು ರೀಪು. ಕ್ಯಾಂಪ್‌ಗ್ರೌಂಡಿನ ಜಲ್ಲಿಯಲ್ಲಿ ಏಣಿಯ ಒಂದು ಪಾದ ಇನ್ನೊಂದಕ್ಕಿಂತ ಹೆಚ್ಚು ಇಳಿಯುತ್ತದೆ, ಒದ್ದೆ ಹುಲ್ಲಿನಲ್ಲಿ ರಬ್ಬರ್ ಜಾರುತ್ತದೆ. ಹಲಗೆ ಎರಡನ್ನೂ ತಡೆಯುತ್ತದೆ, ರೀಪು ಬುಡ ಹಿಂದಕ್ಕೆ ಓಡದಂತೆ ನೋಡಿಕೊಳ್ಳುತ್ತದೆ. ಹಲಗೆಯ ಅಡಿಗೆ ಹಳೆಯ ಟೈರಿನ ತುಂಡು ಬಡಿದರೆ ಇನ್ನೂ ಒಳ್ಳೆಯದು. ಇಳಿಜಾರಿನಲ್ಲಿ ಒಂದು ಪಾದಕ್ಕೆ ಕಲ್ಲೋ ಮರದ ತುಂಡೋ ಕೊಟ್ಟು ಸಮ ಮಾಡುವ ಕೆಲಸ ಮಾತ್ರ ಬೇಡ, ಗಾಡಿಯನ್ನೇ ಸರಿಸಿ.

ಕೋನ ಸರಿಯಿದೆಯೇ ಎಂದು ನೋಡಲು ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಚಾಚಿ. ಭುಜದ ಮಟ್ಟದ ಮೆಟ್ಟಿಲು ಅಂಗೈಗೆ ಸಿಗಬೇಕು. ತಲೆಯ ಮೇಲೆ ಕರೆಂಟ್ ತಂತಿ ಇದೆಯೇ ನೋಡಿ. ಏಣಿ ಅಲ್ಯೂಮಿನಿಯಂ, ತಂತಿಯಿಂದ ಕನಿಷ್ಠ ಹತ್ತು ಅಡಿ ದೂರ ಬೇಕು. ಬಿಚ್ಚಿದ ಏಣಿಯನ್ನು ನೆಟ್ಟಗೆ ಹೊತ್ತು ನಡೆಯುವಾಗಲೇ ಈ ಅಪಾಯ ಹೆಚ್ಚು.

ಈಗ ಪಿನ್ನುಗಳು, ಅಂದರೆ ಎಳೆದ ಭಾಗ ಮತ್ತೆ ಒಳಗೆ ಜಾರದಂತೆ ಹಿಡಿಯುವ ಬೀಗಗಳು. ಟೆಲಿಸ್ಕೋಪಿಕ್ ಏಣಿಯ ಜೀವ ಇರುವುದೇ ಅಲ್ಲಿ. ಹದಿನೈದು ಮೆಟ್ಟಿಲು ಇದ್ದರೆ ಹದಿನಾಲ್ಕು ಸಂದು, ಸಂದಿಗೆ ಎರಡರಂತೆ 28 ಪಿನ್. ಎಡಗಡೆ ಕೂತು ಬಲಗಡೆ ಕೂರದಿದ್ದರೂ ಏಣಿ ನಿಂತುಕೊಳ್ಳುತ್ತದೆ, ನೀವು ಮೇಲೆ ಹೋಗುವವರೆಗೆ ನಿಂತುಕೊಂಡೇ ಇರುತ್ತದೆ. ಆಮೇಲೆ ಅರ್ಧ ಕೂತ ಪಿನ್ ಜಾರಿದರೆ ಮೇಲಿನ ಭಾಗ ಒಂದಡಿ ಧಡಕ್ಕನೆ ಇಳಿಯುತ್ತದೆ. ಆದ್ದರಿಂದ ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಒಂದೊಂದಾಗಿ ಎಳೆಯಿರಿ, ಪ್ರತಿ ಸಲ ಎರಡೂ ಬದಿಯ ‘ಟಕ್’ ಕೇಳಿ, ಪಿನ್ ಕೂತಿದೆಯೋ ಇಲ್ಲವೋ ತೋರಿಸುವ ಗುಂಡಿಯ ಬಣ್ಣವನ್ನು ಕಣ್ಣಾರೆ ನೋಡಿ. ಪೂರ್ತಿ ಬಿಚ್ಚದೆ ಬಳಸುವುದಾದರೆ ಯಾವ ಮೆಟ್ಟಿಲುಗಳನ್ನು ಮುಚ್ಚಿಯೇ ಇಡಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕಂಬದ ಮೇಲಿನ ಚೀಟಿಯಲ್ಲಿ ಇರುತ್ತದೆ. ಮುಚ್ಚುವಾಗ ಕೈ ಕಂಬದ ಹೊರಬದಿಯಲ್ಲಿರಲಿ. ಎರಡು ಮೆಟ್ಟಿಲ ನಡುವೆ ಬೆರಳಿಟ್ಟರೆ ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಗತಿಯೇ. ಗಾಳಿ ತಡೆದು ನಿಧಾನ ಇಳಿಯುವ ಮಾದರಿಗೆ ಇಪ್ಪತ್ತು ಮೂವತ್ತು ಡಾಲರ್ ಹೆಚ್ಚು ಕೊಡುವುದು ದಂಡವಲ್ಲ.

ಮೂರನೆಯ ವರ್ಷ ಈ ಏಣಿಯ ಎರಡು ಪಿನ್ ಅಂಟಿಕೊಂಡವು. ಕಾರಣ ಯೂಟಾದ ಕೆಂಪು ಮರಳು. ಕೊಳವೆಯೊಳಗೆ ಕೊಳವೆ ಜಾರುವ ರಚನೆಗೆ ನುಣ್ಣನೆಯ ಮರಳಿನಂಥ ಶತ್ರು ಇನ್ನೊಂದಿಲ್ಲ. ಅಲ್ಲಿ ಎಣ್ಣೆ ಹಾಕುವುದು ಸಾಮಾನ್ಯ ತಪ್ಪು: ಎಣ್ಣೆ ಧೂಳನ್ನು ಹಿಡಿದು ಮುಲಾಮು ಮಾಡುತ್ತದೆ. ಪೂರ್ತಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೊಳವೆಗೆ ಮಾತ್ರ ಒಣ ಸಿಲಿಕಾನ್ ಸ್ಪ್ರೇ ತೆಳ್ಳಗೆ ಬಿಟ್ಟು ಒರೆಸಿ. ಕಾಲಿಡುವ ಮೆಟ್ಟಿಲಿಗೆ ಅದು ತಾಗಬಾರದು. ಅಂಟಿದ್ದ ಎರಡೂ ಪಿನ್ ಇದರಿಂದ ಸರಿಹೋದವು. ಏಣಿಯನ್ನು ಗಾಡಿಯ ಹಿಂದೆ ನೇತುಹಾಕಿ ಓಡಿಸುವವರು ಚೀಲ ಹೊದಿಸಲಿ. ಚಳಿಗಾಲದ ರಸ್ತೆಯ ಉಪ್ಪು ಸಂದಿಗೆ ಹೋದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕಚ್ಚಿಕೊಳ್ಳುತ್ತದೆ. ಒದ್ದೆ ಏಣಿ ಮಡಿಸಿಟ್ಟು ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಬಿಚ್ಚುವುದೇ ಇಲ್ಲ.

ಹತ್ತುವಾಗ ಕೈ ಖಾಲಿ ಇರಬೇಕು. ಸೀಲಂಟ್ ಗನ್, ಕುಂಚ, ನೀರು ಎಲ್ಲ ಬಕೆಟ್ಟಿಗೆ ಹಾಕಿ ಹಗ್ಗದಿಂದ ಎಳೆದುಕೊಳ್ಳಿ. ಟಿಪಿಒ, ಇಪಿಡಿಎಂ ಎಂಬ ರಬ್ಬರಿನಂಥ ಹಾಳೆ ಹೊದಿಸಿದ ಚಾವಣಿಗಳು ಒದ್ದೆಯಾದರೆ ಸೋಪು ಹಚ್ಚಿದ ಕಡಪ ಕಲ್ಲಿನ ಹಾಗೆ, ಬೆಳಗಿನ ಇಬ್ಬನಿ ಆರುವವರೆಗೆ ಕಾಯಿರಿ. ಮೇಲೆ ಹೋದ ಮೇಲೆ ಮಂಡಿಯೂರಿ, ಕೆಳಗೆ ಫೋಮ್ ಹಾಳೆಯೋ ಹಲಗೆಯೋ ಹಾಕಿ ಭಾರ ಹರಡಿ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಯಾಕೆಂದರೆ ಮೊದಲ ಮೆಟ್ಟಿಲು ಕಣ್ಣಿಗೆ ಕಾಣುವುದಿಲ್ಲ. ಚಾವಣಿಯ ಮೇಲೆ ಮಂಡಿಯೂರಿ ಬೆನ್ನು ಹೊರಕ್ಕೆ ಮಾಡಿ, ಚಾಚಿದ ಏಣಿಯ ಎರಡೂ ಕಂಬ ಹಿಡಿದು, ಒಂದು ಕಾಲಿನಿಂದ ಮೆಟ್ಟಿಲು ತಡವಿ, ಅದು ಪಾದದ ನಡುವಿಗೆ ಸಿಕ್ಕ ಮೇಲೆಯೇ ಇನ್ನೊಂದು ಕಾಲು. ಮೇಲಿನ ಮೂರು ಮೆಟ್ಟಿಲು ಕೈಗೆ, ಕಾಲಿಗಲ್ಲ.

ಇಷ್ಟೆಲ್ಲ ಹೇಳಿದರೂ, ಹತ್ತುವ ಸಲಗಳಲ್ಲಿ ಅರ್ಧ ಅನಗತ್ಯ ಎಂಬುದು ನಮ್ಮ ಅಭಿಪ್ರಾಯ. ಉದ್ದ ಕೋಲಿಗೆ ಫೋನ್ ಸಿಕ್ಕಿಸಿ ವಿಡಿಯೋ ತೆಗೆದರೆ ಸೀಲಂಟ್ ಬಿರುಕು ಕಾಣುತ್ತದೆ. ಪ್ಯಾನೆಲ್ ಧೂಳಿಗೆ ಉದ್ದ ಹಿಡಿಯ ಮೃದು ಕುಂಚ ಸಾಕು, ಏಣಿಯ ಮೇಲೆ ನಿಂತು ಪಕ್ಕಕ್ಕೆ ವಾಲಿ ಉಜ್ಜುವ ಸಾಹಸವಂತೂ ಬೇಡ.

ಕೀಲು ಮಡಚುವ ಬಹುರೂಪಿ ಏಣಿಯ ಜೊತೆ ಹೋಲಿಸಿದರೆ? ಅದು ಗಟ್ಟಿ, ಅಲುಗಾಟ ಕಡಿಮೆ, ಎ ಆಕಾರದಲ್ಲೂ ನಿಲ್ಲುತ್ತದೆ, ಪಿನ್ ನಾಲ್ಕೇ ನಾಲ್ಕು. ಟೆಲಿಸ್ಕೋಪಿಕ್ ನಡುವೆ ಬಾಗುವುದು, ಸಣ್ಣಗೆ ಲಟಪಟ ಅನ್ನುವುದು ಹೊಸದರಲ್ಲೂ ಇರುತ್ತದೆ. ಆದರೆ ಆ ಏಣಿ ಮಡಿಸಿದರೂ ನಾಲ್ಕೂವರೆ ಅಡಿ ಉಳಿಯುತ್ತದೆ, ಕ್ಲಾಸ್ ಸಿ ಗಾಡಿಯ ಬದಿ ಪೆಟ್ಟಿಗೆಗೆ ಹೋಗುವುದಿಲ್ಲ. ಹಿಂದೆ ದೊಡ್ಡ ಗೂಡು ಇರುವವರು ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ.

ಭಾರತದಲ್ಲಿ ಫೋರ್ಸ್ ಟ್ರಾವೆಲರ್ ವ್ಯಾನನ್ನು ಕ್ಯಾಂಪರ್ ಮಾಡಿಸಿಕೊಳ್ಳುತ್ತಿರುವವರಿಗೆ: ಆ ಗಾಡಿಯ ಚಾವಣಿ ಎರಡೂವರೆ ಮೀಟರಿಗೆ ತುಸು ಮೇಲೆ, 3.8 ಮೀಟರಿನ ಏಣಿ ಅಂಚಿನ ಮೇಲೆ ಒಂದು ಮೀಟರ್ ಚಾಚುತ್ತದೆ. ಆನ್‌ಲೈನ್‌ನಲ್ಲಿ ಸಿಗುವವುಗಳಲ್ಲಿ ‘ಹೆವಿ ಡ್ಯೂಟಿ’ ಎಂದಷ್ಟೇ ಬರೆದು ಯಾವ ಮಾನದಂಡದ ಗುರುತೂ ಇಲ್ಲದವೇ ಬಹಳ. ಅಂಥದ್ದಕ್ಕಿಂತ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಎರಡು ತುಂಡಿನ ಅಲ್ಯೂಮಿನಿಯಂ ಏಣಿ ವಾಸಿ, ಮನೆಯಲ್ಲೇ ಇಟ್ಟು ಮನೆಯಲ್ಲೇ ಹತ್ತಿದರಾಯಿತು.

ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಬಿಸಿಲಿಗೆ ಪೆಡಸಾದ, ಸಂದುಗಳ ಸುತ್ತಲಿನ ಪ್ಲಾಸ್ಟಿಕ್ ಕೊರಳುಪಟ್ಟಿಗಳಿಗೆ. ಆರನೆಯ ವರ್ಷ ಕೆಳಗಿನಿಂದ ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಸೀಳು ಕಂಡಿದೆ. ಬಿಡಿಭಾಗ ಸಿಗುವುದಿಲ್ಲ, ಬೆಸುಗೆ ಅಂಟು ಯಾವುದೂ ಇಲ್ಲಿ ನಡೆಯುವುದಿಲ್ಲ. ಏಣಿಯನ್ನು ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕುವುದು, ಇಡಿಯಾಗಿ ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಹೋಗಿ ಹತ್ತುತ್ತಾರೆ.